ಕಾರು ಓಡದಿದ್ದರೂ ಬೆಲ್ಟ್‌ಗೆ ವಯಸ್ಸಾಗುತ್ತದೆ

ಉಡುಪಿಯಿಂದ ಬ್ರಹ್ಮಾವರ, ಕುಂದಾಪುರದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗಿನ ದಾರಿಗೆ ತಿರುಗಿದರೆ ಮನೆಯಂಗಳದ ಶೆಡ್ಡುಗಳಲ್ಲಿ ಕವರ್ ಹೊದ್ದು ನಿಂತ ಕಾರುಗಳು ಕಾಣುತ್ತವೆ. ಮಗ ದುಬೈಯಲ್ಲೋ ಕುವೈತ್‌ನಲ್ಲೋ ಇರುತ್ತಾನೆ, ಮನೆಯಲ್ಲಿರುವ ಹಿರಿಯರಿಗೆ ಡ್ರೈವಿಂಗ್ ಬರುವುದಿಲ್ಲ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ದೇವಸ್ಥಾನ, ಮದುವೆ, ನೆಂಟರ ಮನೆ ಎಂದು ಒಂದು ತಿಂಗಳು ಓಡುತ್ತದೆ. ಮತ್ತೆ ಕವರ್. ಹತ್ತು ವರ್ಷವಾದರೂ ಮೀಟರ್ 24,000 ದಾಟಿರುವುದಿಲ್ಲ. ಅದನ್ನು ಮಾರುವ ಕಾಲ ಬಂದಾಗ ಕೇಳುವ ಮಾತು ಒಂದೇ: "ಓಡ್ಲೇ ಇಲ್ಲ ಮಾರಾಯ್ರೆ, ಹೊಸತರ ಹಾಗೇ ಉಂಟು." ಸೀಟು, ಸ್ಟೀರಿಂಗು, ಗೇರ್‌ಬಾಕ್ಸಿನ ಮಟ್ಟಿಗೆ ಆ ಮಾತು ಒಪ್ಪಬಹುದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಒಪ್ಪಬಾರದು. ಆ ಕಾರಿನ ಬೆಲ್ಟ್‌ನ ಅವಧಿ ಮುಗಿದು ಎಷ್ಟೋ ಕಾಲವಾಗಿರುತ್ತದೆ.

ಬೆಲ್ಟ್ ಯಾವಾಗ ಬದಲಿಸಬೇಕು ಎಂದು ಕೇಳಿದ ಕೂಡಲೇ ನಮ್ಮ ಕಣ್ಣು ಹೋಗುವುದು ಮೀಟರಿನ ಕಡೆಗೆ. ಮೀಟರಿನಲ್ಲಿ ಇರುವುದು ಅರ್ಧ ಉತ್ತರ. ಇನ್ನರ್ಧ ತಾರೀಕಿನಲ್ಲಿದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ಬೆಲ್ಟ್ ಕಣ್ಣಿಗೆ ಚೆನ್ನಾಗಿ ಕಾಣುವುದು ಈ ಎರಡರಲ್ಲಿ ಯಾವುದಕ್ಕೂ ಬದಲಿಯಾಗುವುದಿಲ್ಲ.

ಬೆಲ್ಟ್‌ನ ಕೆಲಸ ಏನೆಂದು ತಿಳಿದರೆ ಈ ಹಟಕ್ಕೆ ಕಾರಣ ಗೊತ್ತಾಗುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎಂಜಿನ್ನಿನ ಕೆಳಗಿದೆ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಮೇಲಿದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಅದಕ್ಕೇ ಕ್ಯಾಮ್‌ನ ಹಲ್ಲುಗಾಲಿಯಲ್ಲಿ ಕ್ರ್ಯಾಂಕ್‌ನ ಎರಡರಷ್ಟು ಹಲ್ಲುಗಳಿರುತ್ತವೆ. ಕ್ರ್ಯಾಂಕ್‌ನ ಗಾಲಿಗೆ 20 ಹಲ್ಲು ಎಂದಿಟ್ಟುಕೊಳ್ಳಿ. ಬೆಲ್ಟ್ ಒಂದೇ ಒಂದು ಹಲ್ಲು ಜಾರಿದರೂ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿತು. ಎಂಜಿನ್ 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3,000 ಸುತ್ತಿನಲ್ಲಿ, ಓಡುವಾಗ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ಹೋಗುತ್ತದೆ, ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಒಂದು ಗಂಟೆಯಲ್ಲಿ ಅದು 90,000 ಸಲ. ಇಷ್ಟನ್ನೂ ಹೊಂದಿಸಿ ಇಟ್ಟಿರುವುದು ಎರಡೂವರೆ ಸೆಂಟಿಮೀಟರ್ ಆಸುಪಾಸಿನ ಅಗಲದ ಒಂದು ರಬ್ಬರ್ ಪಟ್ಟಿ.

ಹಳೆಯ ಬೆಲ್ಟ್ ಒಂದನ್ನು ಕತ್ತರಿಸಿ ಅಡ್ಡಕೊಯ್ತವನ್ನು ನೋಡಿ. ಬೆನ್ನಿನ ರಬ್ಬರಿನ ಕೆಳಗೆ, ಹಲ್ಲುಗಳ ಬುಡದಲ್ಲಿ ಬಿಳಿಯ ಚುಕ್ಕೆಗಳ ಒಂದು ಸಾಲು ಕಾಣುತ್ತದೆ. ಅವು ಗಾಜಿನ ನೂಲಿನ ಹುರಿಗಳ ತುದಿಗಳು. ಎಳೆತವನ್ನು ತಡೆಯುವುದು ರಬ್ಬರಲ್ಲ, ಈ ಹುರಿಗಳು. ಹಲ್ಲುಗಳ ಮೇಲೆ ತೆಳ್ಳಗೆ ನೈಲಾನ್ ಬಟ್ಟೆ ಹೊದೆಸಿರುತ್ತಾರೆ, ಗಾಲಿಗೆ ಉಜ್ಜಿ ಸವೆಯದಿರಲಿ ಎಂದು. ಗಾಜಿನ ನೂಲು ಎಳೆತಕ್ಕೆ ಬಲ್ಲಿದ, ಮಡಚಿದರೆ ಮುರಿಯುತ್ತದೆ. ಹೊಸ ಬೆಲ್ಟ್ ಅನ್ನು ಚಿಕ್ಕದಾಗಿ ಮಡಚಿ ಜೇಬಿಗೆ ತುರುಕುವುದು, ಒಳಹೊರಗು ತಿರುಚುವುದು, ಸ್ಕ್ರೂಡ್ರೈವರಿನಿಂದ ಮೀಟಿ ಗಾಲಿಗೆ ಏರಿಸುವುದು, ಇವೆಲ್ಲ ಹೊರಗೆ ಒಂದು ಗೀರನ್ನೂ ತೋರಿಸದೆ ಒಳಗಿನ ಹುರಿಗಳನ್ನು ಮುರಿದಿಡುತ್ತವೆ. ಅಂಥ ಬೆಲ್ಟ್ ಹಾಕಿದ ದಿನ ಏನೂ ಗೊತ್ತಾಗುವುದಿಲ್ಲ, 20,000 ಕಿ.ಮೀ. ಆದಮೇಲೆ ತುಂಡಾದಾಗ ಬೈಗುಳ ಕಂಪನಿಗೆ ಹೋಗುತ್ತದೆ.

ಹಿಂದೆ ಬೆಲ್ಟ್‌ಗೆ ಬಳಸುತ್ತಿದ್ದ ನಿಯೋಪ್ರೀನ್ ರಬ್ಬರ್ ವಯಸ್ಸಾದಂತೆ ಬಿರುಕು ಬಿಟ್ಟು ತೋರಿಸುತ್ತಿತ್ತು. ಈಗಿನವು ಬಹುಪಾಲು ಎಚ್‌ಎನ್‌ಬಿಆರ್ ಎಂಬ, ಶಾಖ ತಡೆಯುವ ರಬ್ಬರಿನವು. ಬಾಳಿಕೆ ಹೆಚ್ಚು, ಆದರೆ ಬಿರುಕು ಬಿಡುವುದು ಕಡಿಮೆ. ಮೇಲಿನ ಕವರಿನ ಎರಡು ಕ್ಲಿಪ್ ತೆಗೆದು, ಟಾರ್ಚ್ ಹಾಕಿ, ಹೆಬ್ಬೆರಳಲ್ಲಿ ತಿರುಚಿ "ಇನ್ನೂ ಎರಡು ವರ್ಷ ಓಡ್ತದೆ" ಎನ್ನುವ ಪದ್ಧತಿ ನಿಯೋಪ್ರೀನ್ ಕಾಲದ್ದು. ಅಲ್ಲಿ ಕಾಣುವುದು ಒಂದು ಗೇಣು ಬೆಲ್ಟ್‌ನ ಬೆನ್ನು ಮಾತ್ರ. ಹುರಿ ಸವೆದಿದೆಯೋ, ಹಲ್ಲಿನ ಬುಡ ಸಡಿಲವಾಗಿದೆಯೋ ಅಲ್ಲಿಂದ ಕಾಣದು. ನೋಡುವುದರಿಂದ ಒಂದು ಉಪಯೋಗವಿದೆ: ಅಂಚು ನೂಲುನೂಲಾಗಿ ಎದ್ದಿದ್ದರೆ, ಬೆನ್ನು ಗಾಜಿನಂತೆ ಹೊಳೆಯುತ್ತಿದ್ದರೆ, ಹಲ್ಲು ಹಾರಿದ್ದರೆ, ಎಣ್ಣೆ ಅಥವಾ ಕೂಲೆಂಟ್ ತಾಗಿ ಒದ್ದೆಯಾಗಿದ್ದರೆ ಗಡುವಿನವರೆಗೆ ಕಾಯದೆ ಅಂದೇ ಬದಲಿಸಬೇಕು. ನೋಡಿ ಬೇಗ ಬದಲಿಸಲು ನಿರ್ಧರಿಸಬಹುದು, ತಡವಾಗಿ ಬದಲಿಸಲು ಅಲ್ಲ.

ಮೊದಲು ನಿಮ್ಮ ಕಾರಿನಲ್ಲಿ ಬೆಲ್ಟ್ ಇದೆಯೋ ಅದೇ ಕೆಲಸ ಮಾಡುವ ಲೋಹದ ಚೈನ್ ಇದೆಯೋ ತಿಳಿಯಬೇಕು. ಕಾರಿನ ಹೆಸರು ಒಂದೇ ಇದ್ದು ಒಳಗಿನ ಎಂಜಿನ್ ಬೇರೆಯಿರುವುದರಿಂದ ಇಲ್ಲಿ ಬಹಳ ಜನ ತಪ್ಪುತ್ತಾರೆ. ಆಲ್ಟೊ 800ಕ್ಕೆ ಬೆಲ್ಟ್, ಆಲ್ಟೊ ಕೆ10ಕ್ಕೆ ಚೈನ್. ಐ10ರಲ್ಲಿ 1.1 ಎಂಜಿನ್ನಿಗೆ ಬೆಲ್ಟ್, 1.2 ಕಪ್ಪಾ ಎಂಜಿನ್ನಿಗೆ ಚೈನ್. 2005ರಲ್ಲಿ ಬಂದ ಮೊದಲ ಸ್ವಿಫ್ಟ್‌ನ 1.3 ಪೆಟ್ರೋಲಿಗೆ ಬೆಲ್ಟ್, ಆಮೇಲಿನ 1.2 ಕೆ-ಸರಣಿಗೆ ಚೈನ್, 1.3 ಡೀಸೆಲಿಗೂ ಚೈನ್. ಕ್ರಿಸ್ಟಾಕ್ಕಿಂತ ಹಿಂದಿನ ಇನೋವಾದ 2.5 ಡೀಸೆಲಿಗೆ ಬೆಲ್ಟ್, ಕ್ರಿಸ್ಟಾದ 2.4 ಡೀಸೆಲಿಗೆ ಚೈನ್. ಡಸ್ಟರ್, ಟೆರಾನೊಗಳ 1.5 ಡೀಸೆಲ್, ಪೋಲೊ, ವೆಂಟೊಗಳ 1.5 ಟಿಡಿಐ, ಹ್ಯಾರಿಯರ್, ಕಂಪಾಸ್‌ಗಳ 2.0 ಡೀಸೆಲ್, ಹಳೆಯ ಮಾರುತಿ 800, ಓಮ್ನಿ, ಸ್ಯಾಂಟ್ರೊ ಇವೆಲ್ಲ ಬೆಲ್ಟ್‌ನವು. ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಪೆಟ್ರೋಲಿನದು ಬೇರೆಯೇ ಜಾತಿ: ಅದರ ಬೆಲ್ಟ್ ಎಂಜಿನ್ ಆಯಿಲಿನಲ್ಲೇ ಮುಳುಗಿ ಓಡುತ್ತದೆ. ತಪ್ಪು ಆಯಿಲ್ ಹಾಕಿದರೆ ಅಥವಾ ಆಯಿಲ್ ಬದಲಿಸುವುದನ್ನು ಮುಂದೂಡಿದರೆ ರಬ್ಬರ್ ಪುಡಿಯಾಗಿ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ. ಬೆಲ್ಟ್ ತುಂಡಾಗುವ ಮೊದಲೇ ಎಂಜಿನ್ ಆಯಿಲ್ ಸಿಗದೆ ಹಾಳಾಗಬಹುದು. ಆ ಕಾರು ಇರುವವರು ಕೈಪಿಡಿಯಲ್ಲಿ ಹೇಳಿದ 5ಡಬ್ಲ್ಯು-20 ದರ್ಜೆಯ ಆಯಿಲ್ ಬಿಟ್ಟು "ಇದೂ ಒಳ್ಳೆಯದೇ" ಎಂದು ಕೊಟ್ಟದ್ದನ್ನು ಹಾಕಿಸಲೇಬಾರದು.

ಗಡುವು ಎಷ್ಟು? ಕಂಪನಿಗಳು ಎಂಜಿನ್ನಿಗೆ ತಕ್ಕಂತೆ 60,000ದಿಂದ 1,50,000 ಕಿ.ಮೀ.ವರೆಗೆ ಬೇರೆ ಬೇರೆ ಹೇಳುತ್ತವೆ. ವರ್ಷದ ಮಿತಿಯೂ ಹಾಗೆಯೇ ಬೇರೆ ಬೇರೆ. ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕದ ಕೋಷ್ಟಕವೇ ಇಲ್ಲಿ ಪ್ರಮಾಣ. ಅದೇ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ, ಕಷ್ಟದ ಬಳಕೆಯಾದರೆ ಗಡುವು ಇಳಿಸಿಕೊಳ್ಳಿ ಎಂದಿರುತ್ತದೆ. ಧೂಳು, ನಿಂತು ನಿಂತು ಹೋಗುವ ಟ್ರಾಫಿಕ್, ಹೆಚ್ಚು ಹೊತ್ತು ಐಡಲ್ (ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವುದು), ಬಿಸಿ, ಗುಡ್ಡದ ದಾರಿ ಇವೆಲ್ಲ ಕಷ್ಟದ ಬಳಕೆ. ಮಂಗಳೂರಿನಲ್ಲಿ ಕಾರು ಓಡಿಸುವವರು ಆ ಸಣ್ಣ ಅಕ್ಷರವನ್ನು ತಮಗೇ ಬರೆದದ್ದು ಎಂದು ಓದಬೇಕು.

ಯಾಕೆಂದರೆ ಬೆಲ್ಟ್ ಲೆಕ್ಕ ಇಡುವುದು ಚಕ್ರದ ಸುತ್ತನ್ನಲ್ಲ, ಎಂಜಿನ್ನಿನ ಸುತ್ತನ್ನು. ಉಡುಪಿಯಿಂದ ಮಂಗಳೂರಿಗೆ ದಿನಾ ಹೆದ್ದಾರಿಯಲ್ಲಿ ಹೋಗಿಬರುವ ಕಾರು ಸರಾಸರಿ ಗಂಟೆಗೆ 50 ಕಿ.ಮೀ. ಸಾಗಿದರೆ 60,000 ಕಿ.ಮೀ.ಗೆ ಎಂಜಿನ್ ಓಡುವುದು 1,200 ಗಂಟೆ. ಪಂಪ್‌ವೆಲ್, ನಂತೂರು, ಜ್ಯೋತಿ, ಹಂಪನಕಟ್ಟೆ ಎಂದು ಊರೊಳಗೇ ಸುತ್ತುವ ಕಾರಿನ ಸರಾಸರಿ 20 ಕಿ.ಮೀ. ಆದರೆ ಅದೇ 60,000ಕ್ಕೆ 3,000 ಗಂಟೆ. ಎರಡೂ ಮೀಟರುಗಳು ತೋರಿಸುವುದು ಒಂದೇ ಅಂಕಿ. ಒಂದರ ಬೆಲ್ಟ್ ಇನ್ನೊಂದರ ಎರಡೂವರೆ ಪಟ್ಟು ಹೊತ್ತು, ಗಾಳಿ ಸರಿಯಾಗಿ ಆಡದ ಬಿಸಿ ಬಾನೆಟ್ಟಿನ ಕೆಳಗೆ ತಿರುಗಿದೆ. ಐಡಲ್‌ನಲ್ಲಿ ಆರ್‌ಪಿಎಂ ಕಡಿಮೆ ಎಂಬುದು ನಿಜ, ಆದ್ದರಿಂದ ಸವೆತ ನೇರವಾಗಿ ಎರಡೂವರೆ ಪಟ್ಟಲ್ಲ. ಆದರೆ ಶಾಖದಲ್ಲಿ ಕಳೆದ ಹೊತ್ತು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಊರೊಳಗೆ ಮಾತ್ರ ಓಡುವ ಕಾರಿಗೆ ಪುಸ್ತಕದ ಕಿ.ಮೀ. ಗಡುವಿನಿಂದ ಕಾಲು ಭಾಗ ಕಳೆದುಕೊಳ್ಳುವುದು ನಮ್ಮ ಲೆಕ್ಕ.

ಹೆದ್ದಾರಿಯವರದು ಬೇರೆ ಕತೆ. ದಿನಕ್ಕೆ 120 ಕಿ.ಮೀ., ವರ್ಷಕ್ಕೆ 300 ದಿನ ಎಂದರೆ 36,000 ಕಿ.ಮೀ. ಮೂರು ವರ್ಷ ತುಂಬುವುದರೊಳಗೆ ಲಕ್ಷ ದಾಟಿರುತ್ತದೆ. "ಕಾರು ಹೊಸತು, ಮೂರೇ ವರ್ಷ" ಎಂಬ ಭಾವನೆಯಲ್ಲಿ ಇವರು ಗಡುವು ಮೀರುತ್ತಾರೆ. ಗಲ್ಫ್‌ನವರ ಕಾರು ತಾರೀಕಿನಲ್ಲಿ ಮೀರಿದರೆ ಇವರದು ಕಿ.ಮೀ.ಯಲ್ಲಿ.

ಇನ್ನು ನಿಂತ ಕಾರಿನ ವಿಷಯ. ರಬ್ಬರ್ ಓಡದಿದ್ದರೂ ಗಟ್ಟಿಯಾಗುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಒಂದೇ ಸ್ಥಿತಿಯಲ್ಲಿ ನಿಂತ ಬೆಲ್ಟ್, ಚಿಕ್ಕ ಗಾಲಿಯ ಸುತ್ತ ಬಾಗಿದ ಕಡೆ ಅದೇ ಬಾಗು ಹಿಡಿಯುತ್ತದೆ. ಬೆಲ್ಟ್ ಅನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಬೇರಿಂಗಿನಲ್ಲಿ ಗ್ರೀಸ್ ಒಂದು ಕಡೆ ಇಳಿದಿರುತ್ತದೆ, ವಾಟರ್ ಪಂಪಿನ ಸೀಲ್ ಒಣಗುತ್ತದೆ. ಕರಾವಳಿಯ ಉಪ್ಪು ಗಾಳಿಗೆ, ನಾಲ್ಕು ತಿಂಗಳ ಮಳೆಯ ತೇವಕ್ಕೆ ಉಕ್ಕಿನ ಹಲ್ಲುಗಾಲಿಗಳ ಮೇಲೆ ತೆಳ್ಳನೆ ತುಕ್ಕು ಕೂರುತ್ತದೆ. ಮಗ ರಜೆಗೆ ಬಂದು ಸ್ಟಾರ್ಟ್ ಮಾಡಿದ ಕ್ಷಣದಿಂದ ಆ ತುಕ್ಕು ಬೆಲ್ಟ್‌ನ ಹಲ್ಲಿಗೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಇಲಿಗಳದು ಇನ್ನೊಂದು ಕಾಟ. ತೋಟದ ಮನೆಯ ಶೆಡ್ಡಿನಲ್ಲಿ ತೆಂಗಿನ ನಾರು, ಅಡಿಕೆ ಸಿಪ್ಪೆ, ಬಟ್ಟೆ ಚೂರು ತಂದು ಎಂಜಿನ್ನಿನ ಮೇಲೆ ಗೂಡು ಕಟ್ಟುವುದು ಎಲ್ಲರಿಗೂ ಗೊತ್ತು. ಟೈಮಿಂಗ್ ಕವರಿನ ಪ್ಲಾಸ್ಟಿಕ್ ಒಡೆದಿದ್ದರೆ ಅಥವಾ ಕಡಿದು ತೂತಾಗಿದ್ದರೆ ಆ ಸರಕು ಒಳಗೂ ಹೋಗುತ್ತದೆ. ಬೆಲ್ಟ್ ಮತ್ತು ಗಾಲಿಯ ನಡುವೆ ಗಟ್ಟಿ ಚೂರೊಂದು ಸಿಕ್ಕಿದರೆ ಹಲ್ಲು ಜಾರಲು ಅಷ್ಟು ಸಾಕು. ವರ್ಷದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ತೆರೆದು, ಮೇಲಿನ ಕವರ್ ಒಮ್ಮೆ ಸರಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಲುತ್ತದೆ.

ನಿಂತು ಬ್ಯಾಟರಿ ಸತ್ತ ಕಾರನ್ನು ಇಬ್ಬರು ತಳ್ಳಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಮಾಮೂಲು. ವಯಸ್ಸಾದ ಬೆಲ್ಟ್ ಇರುವ ಕಾರಿಗೆ ಇದು ಕೆಟ್ಟದ್ದು. ಕ್ಲಚ್ ಬಿಟ್ಟ ಗಳಿಗೆಯ ಜಗ್ಗಿಗೆ ಸಡಿಲ ಬೆಲ್ಟ್ ಹಲ್ಲು ಹಾರಬಹುದು. ಮುಂದಿನ ಗೇರಿನಲ್ಲಿಟ್ಟು ಕಾರನ್ನು ಹಿಂದಕ್ಕೆ ತಳ್ಳುವುದು ಇನ್ನೂ ಕೆಟ್ಟದ್ದು, ಆಗ ಎಂಜಿನ್ ಹಿಮ್ಮುಖ ತಿರುಗುತ್ತದೆ. ಟೆನ್ಷನರ್ ಇರುವುದು ಬೆಲ್ಟ್‌ನ ಸಡಿಲ ಮಗ್ಗುಲಲ್ಲಿ, ಎಂಜಿನ್ ಹಿಂದೆ ತಿರುಗಿದರೆ ಆ ಮಗ್ಗುಲಿಗೇ ಎಳೆತ ಬೀಳುತ್ತದೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಬರೀ ಫಸ್ಟ್ ಗೇರಿನಲ್ಲಿ ನಿಲ್ಲಿಸಿದ ಕಾರು ಹಿಂದಕ್ಕೆ ಸರಿದಾಗಲೂ ಆಗುವುದು ಇದೇ. ಬ್ಯಾಟರಿಗೆ ಜಂಪರ್ ಕೇಬಲ್ ಹಾಕುವುದು ಒಳ್ಳೆಯದು.

ಬೆಲ್ಟ್ ತುಂಡಾಗುವ ಮುಂಚೆ ಸದ್ದು ಮಾಡುತ್ತದೆ ಎಂದು ನಂಬಿ ಕೂತವರು ಬಹಳ. ಸದ್ದು ಮಾಡುವುದು ಟೆನ್ಷನರ್ ಮತ್ತು ಬೆಲ್ಟ್‌ಗೆ ದಾರಿ ತೋರುವ ಐಡ್ಲರ್ ಗಾಲಿಗಳ ಬೇರಿಂಗು: ಬೆಳಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಒಣ ಗಿರಣಿಯಂಥ ಸಣ್ಣ ಮೊರೆತ, ಆರ್‌ಪಿಎಂ ಜೊತೆ ಏರುವ ಸದ್ದು. ಬೆಲ್ಟ್ ಮಾತ್ರ ಸುಮ್ಮನೆ ಹೋಗುತ್ತದೆ. ಒಂದು ಹಲ್ಲು ಜಾರಿದ್ದರೆ ಐಡಲ್ ಒರಟಾಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಎಂಜಿನ್ ದೀಪ ಹತ್ತಿ ಸ್ಕ್ಯಾನರಿನಲ್ಲಿ ಪಿ0016 ಎಂಬ ಸಂಕೇತ ಬರಬಹುದು. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳ ಹೊಂದಾಣಿಕೆ ತಪ್ಪಿದೆ ಎಂದು ಅದರ ಅರ್ಥ. ಅದನ್ನು ಅಳಿಸಿ ಓಡಿಸಬಾರದು, ಸೆನ್ಸರ್ ಬದಲಿಸಿ ನೋಡುವ ಮೊದಲು ಕ್ರ್ಯಾಂಕ್, ಕ್ಯಾಮ್ ಗಾಲಿಗಳ ಟೈಮಿಂಗ್ ಗುರುತು ಕೂಡಿದೆಯೇ ಎಂದು ನೋಡಬೇಕು. ಕೆಲವು ಟೊಯೋಟಾ ಡೀಸೆಲ್‌ಗಳಲ್ಲಿ ಟಿ-ಬೆಲ್ಟ್ ಎಂಬ ದೀಪವೇ ಇದೆ. ಆದರೆ ಅದು ಬೆಲ್ಟ್ ಅನ್ನು ಮುಟ್ಟಿ ನೋಡುವ ಸೆನ್ಸರ್ ಅಲ್ಲ, ಕಿ.ಮೀ. ಎಣಿಸಿ ಹತ್ತುವ ದೀಪ. ಬೆಲ್ಟ್ ಬದಲಿಸದೆ ದೀಪ ಮಾತ್ರ ಆರಿಸಿದ ಕಾರು ನಿಮ್ಮ ಕೈಗೆ ಬಂದಿರಬಹುದು.

ತುಂಡಾದಾಗ ಏನಾಗುತ್ತದೆ? ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವ್‌ಗಳು ತೆರೆದಲ್ಲೇ ಉಳಿಯುತ್ತವೆ. ಕಾರಿನ ಓಟಕ್ಕೆ ಕ್ರ್ಯಾಂಕ್ ಇನ್ನೂ ತಿರುಗುತ್ತಿರುತ್ತದೆ. 3,000 ಆರ್‌ಪಿಎಂನಲ್ಲಿ ಪಿಸ್ಟನ್ ಕೆಳಗಿನಿಂದ ಮೇಲೆ ಬರಲು ಬೇಕಾದದ್ದು ಸೆಕೆಂಡಿನ ನೂರನೇ ಒಂದು ಭಾಗ. ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗವನ್ನು ಸರದಿಯಲ್ಲಿ ಬಳಸುವ ಎಂಜಿನ್ನಾದರೆ ಎರಡೂ ಡಿಕ್ಕಿ ಹೊಡೆದು ವಾಲ್ವ್ ಬೆಂಡಾಗುತ್ತದೆ. ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಅಂತರ ಬಿಟ್ಟಿರುತ್ತಾರೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಡೀಸೆಲಿನಲ್ಲಿ ಆ ಆಸೆ ಇಟ್ಟುಕೊಳ್ಳಬಾರದು. ಅಲ್ಲಿ ಕಂಪ್ರೆಷನ್ ಹೆಚ್ಚು, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಚಿಕ್ಕದು. ಹೆಡ್, ಅಂದರೆ ವಾಲ್ವ್‌ಗಳು ಕೂತಿರುವ ಎಂಜಿನ್ನಿನ ಮೇಲ್ಭಾಗ, ಬಿಚ್ಚಬೇಕು, ವಾಲ್ವ್, ಗೈಡ್, ಕೆಲವೊಮ್ಮೆ ಕ್ಯಾಮ್, ಪಿಸ್ಟನ್ ಕೂಡ. ಇನ್ಶೂರೆನ್ಸ್ ಇದೆಯಲ್ಲ ಎನ್ನುವವರು ಪಾಲಿಸಿಯನ್ನು ಒಮ್ಮೆ ಓದಬೇಕು: ಸವಕಳಿ ಮತ್ತು ಯಾಂತ್ರಿಕ ಕೆಡುಕು ಸಾಮಾನ್ಯ ಕಾರು ಪಾಲಿಸಿಯಿಂದ ಹೊರಗೆ.

ರಸ್ತೆಯಲ್ಲೇ ತುಂಡಾದರೆ ಎಂಜಿನ್ ಥಟ್ಟನೆ ನಿಲ್ಲುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ತುಳಿತಕ್ಕಾಗುವಷ್ಟೇ ನಿರ್ವಾತ ಉಳಿದಿರುತ್ತದೆ. ಪೆಡಲನ್ನು ಪದೇ ಪದೇ ಒತ್ತದೆ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಬದಿಗೆ ತರಬೇಕು. ಶಿರಾಡಿ ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಹಿಂದೆ ಲಾರಿ ಇರುವಾಗ ಹೀಗಾದರೆ ಏನು ಗತಿ ಎಂದು ಯೋಚಿಸಿ. ನಿಂತ ಮೇಲೆ ಮತ್ತೆ ಮತ್ತೆ ಸ್ಟಾರ್ಟರ್ ಹೊಡೆಯಬಾರದು. ಒಮ್ಮೆ ಹೊಡೆದಾಗ ಎಂಜಿನ್ ಎಂದಿನ ತಡೆತಡೆದ ಸದ್ದಿಲ್ಲದೆ, ಮಿಕ್ಸಿಯಂತೆ ಸರಾಗವಾಗಿ ತಿರುಗಿದರೆ ಕಂಪ್ರೆಷನ್ ಇಲ್ಲ, ಬೆಲ್ಟ್ ಹೋಗಿದೆ ಎಂದು ಅನುಮಾನಿಸಿ ಕೀ ತೆಗೆದಿಡಿ. ಬೆಂಡಾಗದೆ ಉಳಿದ ವಾಲ್ವ್ ಇದ್ದರೆ ಅದನ್ನಾದರೂ ಉಳಿಸಿಕೊಳ್ಳಬಹುದು.

ಬದಲಿಸಲು ನಿರ್ಧರಿಸಿದ ಮೇಲೆ ಬೆಲ್ಟ್ ಒಂದನ್ನೇ ಕೊಳ್ಳುವುದು ಅರ್ಧ ಕೆಲಸ. ಟೆನ್ಷನರ್, ಐಡ್ಲರ್ ಇದ್ದರೆ ಅದು, ಕ್ರ್ಯಾಂಕ್ ಮತ್ತು ಕ್ಯಾಮ್‌ನ ಆಯಿಲ್ ಸೀಲ್‌ಗಳು, ಟೈಮಿಂಗ್ ಬೆಲ್ಟ್‌ನಿಂದಲೇ ತಿರುಗುವ ವಾಟರ್ ಪಂಪ್ ಆದರೆ ಪಂಪು, ಇಷ್ಟೂ ಒಟ್ಟಿಗೆ ಹೋಗಬೇಕು. ಕೂಲಿಯ ದೊಡ್ಡ ಪಾಲು ಬಿಚ್ಚುವುದಕ್ಕೆ. ಹಳೆಯ ಐಡ್ಲರ್ ಉಳಿಸಿ ಹೊಸ ಬೆಲ್ಟ್ ಹಾಕಿದರೆ, ಆ ಬೇರಿಂಗ್ ಸಿಕ್ಕಿಹಾಕಿಕೊಂಡ ದಿನ ಹೊಸ ಬೆಲ್ಟೇ ಸುಟ್ಟು ಹೋಗುತ್ತದೆ. ಒಟ್ಟು ಖರ್ಚು 15,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 250 ರೂಪಾಯಿ. ಗಡುವಿಗಿಂತ ಆರು ತಿಂಗಳು ಮೊದಲೇ ಬದಲಿಸಿದರೆ ಕಳೆದುಕೊಳ್ಳುವುದು 1,500. ಆರು ತಿಂಗಳು ತಡಮಾಡುವವನು ಅದೇ 1,500 ಉಳಿಸಲು ಇಡೀ ಹೆಡ್ ಅನ್ನು ಪಣಕ್ಕಿಡುತ್ತಾನೆ.

ವಾಟರ್ ಪಂಪಿನ ಮೈಯಲ್ಲಿ, ಶಾಫ್ಟಿನ ಕೆಳಗೆ, ಬೆಂಕಿಕಡ್ಡಿಯ ತಲೆ ಹೋಗುವಷ್ಟು ಸಣ್ಣ ತೂತೊಂದಿರುತ್ತದೆ. ಒಳಗಿನ ಸೀಲ್ ಸೋತಾಗ ಕೂಲೆಂಟ್ ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಎಂದು ಇಟ್ಟ ದಾರಿ ಅದು. ಹಳೆಯ ಪಂಪ್ ಕೈಗೆ ಬಂದಾಗ ಆ ತೂತಿನ ಕೆಳಗೆ ನೋಡಿ. ಗುಲಾಬಿಯೋ ಹಸಿರೋ ಬಿಳಿಯೋ, ಒಣಗಿದ ಉಪ್ಪಿನಂಥ ಗೆರೆಯೊಂದು ಇಳಿದಿದ್ದರೆ ಪಂಪ್ ಆಗಲೇ ಸೋರಲು ಶುರುಮಾಡಿತ್ತು. ಕರಾವಳಿಯಲ್ಲಿ ಈ ಗೆರೆ ಬೇಗ ಕಾಣುವುದಕ್ಕೆ ಒಂದು ಕಾರಣ ರೇಡಿಯೇಟರಿಗೆ ಹೊಯ್ಯುವ ಬಾವಿ ನೀರು. ಏಪ್ರಿಲ್, ಮೇಯಲ್ಲಿ ಕಡಲ ಬದಿಯ ಬಾವಿಗಳ ನೀರು ಉಪ್ಪಾಗುತ್ತದೆ. ಆ ಉಪ್ಪು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಪಂಪಿನ ಸೀಲನ್ನು ಕೊರೆಯುತ್ತದೆ. ಕೂಲೆಂಟ್ ಸಾಂದ್ರವಾದದ್ದಾದರೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಿ, ಅಥವಾ ಬೆರೆಸಿಯೇ ಬರುವುದನ್ನು ಕೊಳ್ಳಿ. ತುಂಬಿದ ಮೇಲೆ ಗಾಳಿ ಹೊರಬಿಟ್ಟು, ಎಂಜಿನ್ ಕಾದು ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ನೋಡಬೇಕು.

ಕೆಲಸದ ಕ್ರಮ ಗೊತ್ತಿದ್ದರೆ ಗ್ಯಾರೇಜಿನಲ್ಲಿ ನಿಂತು ಏನು ನೋಡಬೇಕು ಎಂಬುದೂ ಗೊತ್ತಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಅಡ್ಡ ಎಂಜಿನ್ನಿನ ಕಾರುಗಳಲ್ಲಿ ಬ್ಯಾಟರಿ ಬಿಡಿಸಿ, ಬೆಲ್ಟ್ ಇರುವ ಬದಿಯ ಮುಂದಿನ ಚಕ್ರ ಮತ್ತು ಅದರ ಒಳಗಿನ ಮಡ್‌ಗಾರ್ಡ್ ಹಾಳೆ ತೆಗೆಯುತ್ತಾರೆ. ಎಂಜಿನ್ನಿನ ಅಡಿಯ ಆಯಿಲ್ ಸಂಪ್‌ನ ಕೆಳಗೆ ಮರದ ತುಂಡು ಇಟ್ಟು ಜ್ಯಾಕ್ ಕೊಟ್ಟು, ಆ ಬದಿಯ ಎಂಜಿನ್ ಮೌಂಟ್ ಬಿಚ್ಚುತ್ತಾರೆ. ಫ್ಯಾನ್ ಬೆಲ್ಟ್, ಕ್ರ್ಯಾಂಕ್ ಪುಲ್ಲಿ, ಕವರುಗಳು ಬಂದ ಮೇಲೆ ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ತಿರುಗಿಸಿ ಗುರುತುಗಳನ್ನು ಕೂಡಿಸಬೇಕು. ಇದು ಹಳೆಯ ಬೆಲ್ಟ್ ತೆಗೆಯುವ ಮೊದಲೇ ಆಗಬೇಕು. ಲಾಕ್ ಮಾಡುವ ಪಿನ್‌ಗಳು ಬೇಕಾದ ಎಂಜಿನ್‌ಗಳಲ್ಲಿ, ಡಸ್ಟರ್ ಡೀಸೆಲ್ ಅಂಥದ್ದು, ಪಿನ್ ಇಲ್ಲದೆ ವೈಟ್ನರ್ ಗುರುತು ಹಾಕಿ ಕೆಲಸ ಮಾಡುವ ಗ್ಯಾರೇಜಿಗೆ ಕಾರು ಕೊಡಬಾರದು. ಹೊಸ ಬೆಲ್ಟ್ ಕ್ರ್ಯಾಂಕಿನಿಂದ ಶುರುವಾಗಿ, ಎಳೆತದ ಮಗ್ಗುಲು ಬಿಗಿಯಾಗಿ ಉಳಿಯುವಂತೆ ಸುತ್ತಿ ಬಂದು, ಕೊನೆಗೆ ಟೆನ್ಷನರಿಗೆ ಬರಬೇಕು. ಬೆಲ್ಟ್ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕು. ಟೆನ್ಷನರಿನಲ್ಲಿ ಮುಳ್ಳು ಮತ್ತು ಕಚ್ಚು ಇದ್ದರೆ ಎರಡೂ ಕೂಡಬೇಕು. ಬೆರಳಿನಲ್ಲಿ ಒತ್ತಿ ಅಂದಾಜು ಮಾಡುವುದಲ್ಲ: ಬಿಗಿ ಹೆಚ್ಚಾದರೆ ಪಂಪಿನ ಬೇರಿಂಗ್ ಕೂಗುತ್ತಾ ಹೋಗುತ್ತದೆ, ಕಡಿಮೆಯಾದರೆ ಹಲ್ಲು ಜಾರುತ್ತದೆ.

ಆಮೇಲಿನ ಎರಡು ನಿಮಿಷದ ಕೆಲಸ ಎಲ್ಲಕ್ಕಿಂತ ಮುಖ್ಯ. ಪಿನ್‌ಗಳನ್ನು ತೆಗೆದು, ಉದ್ದ ಹಿಡಿಯ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎರಡು ಯಾಕೆಂದರೆ ಆಗಲೇ ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತಿಗೆ ಮರಳುವುದು. ಕಂಪ್ರೆಷನ್ನಿನ ಮೆತ್ತನೆ ತಡೆ ಕೈಗೆ ಸಿಗುತ್ತದೆ, ಸ್ವಲ್ಪ ಹೊತ್ತು ಹಿಡಿದರೆ ಅದು ಬಿಟ್ಟುಕೊಡುತ್ತದೆ. ಲೋಹಕ್ಕೆ ಲೋಹ ತಾಗಿದ ತಡೆ ಬೇರೆ. ಅದು ಕಲ್ಲಿಗೆ ಕತ್ತಿ ತಾಗಿದಂತೆ ಅಲ್ಲಿಗೇ ನಿಲ್ಲುತ್ತದೆ. ಹಾಗಾದರೆ ಒಂದು ಕೂದಲಷ್ಟೂ ಮುಂದೆ ಒತ್ತದೆ ಮತ್ತೆ ಮೊದಲಿನಿಂದ ಗುರುತು ನೋಡಬೇಕು. ಎರಡು ಸುತ್ತಿನ ನಂತರ ಗುರುತು ಕೂಡಿತೇ, ಟೆನ್ಷನರಿನ ಮುಳ್ಳು ಜಾಗದಲ್ಲೇ ಇದೆಯೇ ಎಂದು ನೋಡಿ ಆಮೇಲೆ ಬೋಲ್ಟುಗಳನ್ನು ಅಳತೆಗೆ ಬಿಗಿಯಲು ಟಾರ್ಕ್ ರೆಂಚು. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಗಾಲಿಗೆ ಕೀಲಿ ಇಲ್ಲ, ಬೋಲ್ಟಿನ ಬಿಗಿತವೇ ಅದನ್ನು ಹಿಡಿದಿಡುತ್ತದೆ. ಅಲ್ಲಿ ಮೇಲ್ಮೈಗೆ ಎಣ್ಣೆ ತಾಗಬಾರದು, ಬೋಲ್ಟ್ ಹೊಸತೇ ಆಗಬೇಕು, ಇಂಪ್ಯಾಕ್ಟ್ ಗನ್ನಿನ ಅಂದಾಜು ಸಲ್ಲದು. ಈ ಎರಡು ಸುತ್ತನ್ನು ಬಿಟ್ಟು ನೇರ ಸೆಲ್ಫ್ ಹೊಡೆದು "ಸ್ಟಾರ್ಟ್ ಆಯ್ತಲ್ಲ" ಎನ್ನುವವರ ಕೈಯಲ್ಲಿ ಹೊಸ ಕಿಟ್ (ಬೆಲ್ಟ್, ಟೆನ್ಷನರ್ ಒಟ್ಟಿಗಿರುವ ಪೆಟ್ಟಿಗೆ) ಹಾಕಿದ ದಿನವೇ ವಾಲ್ವ್ ಬೆಂಡಾಗಬಹುದು.

ನಮ್ಮ ಕಡೆಯ ಕಾರುಗಳಲ್ಲಿ ಕೆಲಸ ನಿಧಾನವಾಗುವುದು ತುಕ್ಕಿನಿಂದ. ಹೆದ್ದಾರಿ 66ರಲ್ಲಿ ಮೀನು ಲಾರಿಗಳಿಂದ ಸುರಿದ ಉಪ್ಪುನೀರು ಹಿಂದೆ ಬರುವ ಕಾರಿನ ಅಡಿಗೆ ಎರಚುತ್ತದೆ. ಕೆಳಗಿನ ಕವರಿನ 10 ಎಂ.ಎಂ. ತಲೆಯ ಸಣ್ಣ ಬೋಲ್ಟ್‌ಗಳು ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಂಡು ತಿರುವಿದರೆ ತುಂಡಾಗುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಹೊಸ ಬೆಲ್ಟ್ ಬರುವ ಮೊದಲು ಗಾಲಿಗಳನ್ನು ಒಣಬಟ್ಟೆಯಲ್ಲಿ ಒರೆಸಬೇಕು. ತುಂಡಾದ ಬೋಲ್ಟ್ ಹಾಗೇ ಬಿಟ್ಟು ಕವರನ್ನು ಮೂರು ಬೋಲ್ಟಿನಲ್ಲಿ ಕೂರಿಸುವುದು, ಚಕ್ರದ ಒಳಗಿನ ಹಾಳೆಯನ್ನು ಮರಳಿ ಹಾಕದೇ ಇರುವುದು ಚಿಕ್ಕ ತಪ್ಪುಗಳಲ್ಲ. ಕೆಂಪುಕಲ್ಲಿನ ಧೂಳು, ಮಳೆಗಾಲದ ಕೆಸರು ನೇರ ಬೆಲ್ಟ್‌ಗೆ ಹೋಗುವ ಬಾಗಿಲು ಅದು. ಕಾರು ಕೊಂಡೊಯ್ಯುವ ಮೊದಲು ಬಗ್ಗಿ ನೋಡಿ.

ಹಳೆ ಕಾರು ಕೊಳ್ಳುವವರು ಬಿಲ್ಲಿನ ಮೇಲೆ ಒಂದು ವಿಷಯ ನೋಡಬೇಕು. "ಬೆಲ್ಟ್ ಹಾಕಿಸಿದ್ದೇವೆ" ಎಂದು ತೋರಿಸುವ ಬಿಲ್ ಎಷ್ಟೋ ಸಲ ಫ್ಯಾನ್ ಬೆಲ್ಟಿನದು. ಅಂಬಾಸಿಡರ್, ಪದ್ಮಿನಿ ಕಾಲದವರಿಗೆ ಬೆಲ್ಟ್ ಎಂದರೆ ಅದೊಂದೇ ಇದ್ದದ್ದು, ಆ ಕಾರುಗಳ ಟೈಮಿಂಗ್ ಚೈನಿನದು. ಆದ್ದರಿಂದ ಸುಳ್ಳು ಹೇಳುವ ಉದ್ದೇಶವಿಲ್ಲದೆಯೂ ಈ ತಪ್ಪಾಗುತ್ತದೆ. ಬಿಲ್ಲಿನಲ್ಲಿ ಭಾಗದ ಸಂಖ್ಯೆ ಇರಬೇಕು, ಟೆನ್ಷನರ್ ಹೆಸರು ಇರಬೇಕು, ಅರ್ಧ ದಿನದ ಕೆಲಸಕ್ಕೆ ತಕ್ಕ ಕೂಲಿ ಇರಬೇಕು. ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು, ಆ ಖರ್ಚನ್ನು ಕೊಳ್ಳುವ ಬೆಲೆಯಿಂದ ಕಳೆದು ಮಾತಾಡುವುದು. ಮನೆಗೆ ತರುವ ದಾರಿಯಲ್ಲೇ ಗ್ಯಾರೇಜಿಗೆ ಬಿಡುವುದು.

ತಿಂಗಳು ಯಾವುದು? ಮೇ ತಿಂಗಳಲ್ಲಿ ಮುಂಬೈ, ಗಲ್ಫ್‌ನವರು ಊರಲ್ಲಿರುತ್ತಾರೆ, ಗ್ಯಾರೇಜುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅವಸರದ ಕೆಲಸವಾಗುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಮಾಡಿಸುವುದು ಉತ್ತಮ. ಹೇಗೂ ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಒಳಗೆ ಮುಗಿದಿರಬೇಕು. ಆಮೇಲೆ ಮಳೆ ಹಿಡಿದರೆ ತೆರೆದ ಶೆಡ್ಡಿನಲ್ಲಿ ಟೈಮಿಂಗ್ ಕವರ್ ಬಿಚ್ಚುವುದು ಯಾರಿಗೂ ಬೇಡದ ಕೆಲಸ. ಗಲ್ಫ್‌ನಲ್ಲಿರುವವರು ರಜೆಗೆ ಬರುವ ಎರಡು ತಿಂಗಳ ಮೊದಲೇ ಕಿಟ್‌ಗೆ ಹೇಳಿಡಬಹುದು. ಹಳೆಯ ಮಾದರಿಗಳ ಕಿಟ್ ಬಂದರಿನ ಕಡೆಯ ಸ್ಪೇರ್ ಅಂಗಡಿಗಳಲ್ಲಿ ಕೂಡಲೇ ಸಿಗದೆ ಹೊರಗಿನಿಂದ ತರಿಸಬೇಕಾಗಬಹುದು. ಬಂದ ಪೆಟ್ಟಿಗೆಯ ಮೊಹರು, ಬೆಲ್ಟ್ ಮೇಲಿನ ತಯಾರಿಕೆಯ ಸಂಕೇತ ನೋಡಿ ತೆಗೆದುಕೊಳ್ಳಿ. ಅಂಗಡಿಯ ಮೊಳೆಗೆ ನೇತುಬಿದ್ದು ವರ್ಷಗಟ್ಟಲೆ ಬಿಸಿಲು ಕಂಡ ಬೆಲ್ಟ್ ಹೊಸತಲ್ಲ.

ಕೆಲಸ ಮುಗಿದ ದಿನ ಹಳೆಯ ಬೆಲ್ಟ್, ಟೆನ್ಷನರ್, ಪಂಪನ್ನು ಕೇಳಿ ಪಡೆಯಿರಿ. ಬಾನೆಟ್ಟಿನ ಒಳಮೈಯಲ್ಲಿ, ಶಾಖ ತಾಗದ ಕಡೆ, ಒಂದು ಸ್ಟಿಕ್ಕರ್ ಅಂಟಿಸಿ ಅಳಿಸದ ಪೆನ್ನಿನಲ್ಲಿ ಬರೆಯಿರಿ: ಹಾಕಿದ ತಾರೀಕು, ಆಗಿನ ಕಿ.ಮೀ., ಬೆಲ್ಟ್‌ನ ಭಾಗ ಸಂಖ್ಯೆ, ಪಂಪ್ ಬದಲಿಸಿದೆಯೋ ಇಲ್ಲವೋ, ಮುಂದಿನ ಗಡುವಿನ ಕಿ.ಮೀ. ಮತ್ತು ಮುಂದಿನ ಗಡುವಿನ ತಿಂಗಳು, ವರ್ಷ. ಕಾರು ಇನ್ನೊಬ್ಬರ ಕೈಗೆ ಹೋದಾಗ ಬಿಲ್ ಕಳೆದಿರಬಹುದು, ಸ್ಟಿಕ್ಕರ್ ಕಾರಿನ ಜೊತೆಗೇ ಹೋಗುತ್ತದೆ.